ಎಡಗಡೆಯ ಚಟ್ನಿ

ನೇಮಣ್ಣ ನಿವೃತ್ತನಾದ ಮೂರನೆಯ ವಾರಕ್ಕೆ ಕ್ಯಾಮೆರಾ ತಂದ. ಮೂವತ್ನಾಲ್ಕು ವರ್ಷ ಸಕ್ಕರೆ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೂತು, ಹರಳು ನೋಡಿ ಸಕ್ಕರೆಯ ದರ್ಜೆ ಹೇಳಿದ ಮನುಷ್ಯ ಅವನು. ಬೆರಳ ತುದಿಯಲ್ಲಿ ನಾಲ್ಕು ಹರಳು ಎತ್ತಿ ಬೆಳಕಿಗೆ ಹಿಡಿದನೆಂದರೆ ಯಂತ್ರ ಹೇಳುವುದೂ ಅವನು ಹೇಳುವುದೂ ಒಂದೇ ಆಗಿರುತ್ತಿತ್ತು. ಅಂಥ ಕಣ್ಣನ್ನು ಮನೆಯಲ್ಲಿ ಖಾಲಿ ಕೂರಿಸಬಾರದು ಎಂಬುದು ಅವನ ವಾದ. ಹೆಂಡತಿ ಜಿನ್ನವ್ವನಿಗೆ ವಾದ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಹಗಲೆಲ್ಲ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು ಎನ್ನುವ ಗಂಡನಿಗಿಂತ, ಹೊಲದ ಬದುವಿನ ಮೇಲೆ ಹಕ್ಕಿಯ ಹಿಂದೆ ಅಲೆಯುವ ಗಂಡ ವಾಸಿ ಎಂದು ಅವಳು ಸುಮ್ಮನಾದಳು.

ಘೋಡಗೇರಿಯ ಆ ಮನೆಯಲ್ಲಿ ಐದು ಜನ. ಮಗ ವೃಷಭ ಹುಕ್ಕೇರಿಯ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಮರಳುವುದು ದೀಪ ಹಚ್ಚಿದ ಮೇಲೆಯೇ. ಸೊಸೆ ಭಕ್ತಿ ಕಣಗಲಾದ ಹುಡುಗಿ, ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಅರ್ಧ ಹೆಂಗಸರ ಜಂಪರ ಹೊಲಿಯುತ್ತಿದ್ದಳು. ಮೊಮ್ಮಗಳು ಸನ್ಮತಿಗೆ ಏಳು ವರ್ಷ. ಅವಳು ಕಲಿಯುವ ಸಾಲಿ ಊರಿನಿಂದ ಮೂರು ಕಿಲೋಮೀಟರ್, ಕಾಲುವೆಯ ದಂಡೆಯ ರಸ್ತೆ. ನೇಮಣ್ಣ ನಿವೃತ್ತನಾದ ಮರುದಿನವೇ ಸಾಲಿಯ ವ್ಯಾನಿನವನಿಗೆ ಇನ್ನು ಬರಬೇಡವೆಂದು ಹೇಳಿದ. ಅಲ್ಲಿಯವರೆಗೆ ಫ್ಯಾಕ್ಟರಿಯ ಬಸ್ಸಿನಲ್ಲೇ ಓಡಾಡಿದವನು ಈಗ ದಿನಕ್ಕೆರಡು ಸಲ ತನ್ನ ಹಳೆಯ ಮೊಪೆಡ್ಡಿನ ಮುಂದೆ ಮೊಮ್ಮಗಳನ್ನು ನಿಲ್ಲಿಸಿಕೊಂಡು ಹೊರಡುತ್ತಿದ್ದ. ಗಾಡಿಯ ಚಾವಿ ಅಂಗಿಯ ಜೇಬಿನಲ್ಲಿ, ಕ್ಯಾಮೆರಾ ಕೊರಳಲ್ಲಿ. ಊರಿನವರು ನಕ್ಕರೆ ಅವನೂ ನಗುತ್ತಿದ್ದ.

ಮನೆಯ ಒಂದು ನೇಮವನ್ನು ಇಲ್ಲಿಯೇ ಹೇಳಿಬಿಡಬೇಕು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಜೈನರ ಮನೆಗಳಲ್ಲಿ ಹಲವರು ಇದನ್ನು ಸಡಿಲ ಮಾಡಿಕೊಂಡಿದ್ದಾರೆ. ಜಿನ್ನವ್ವ ಮಾಡಿಕೊಂಡಿರಲಿಲ್ಲ. ವೃಷಭ ಸಂಜೆಯ ಡಬ್ಬಿಯನ್ನು ಅಂಗಡಿಯಲ್ಲಿ ಬಿಚ್ಚುವುದನ್ನು ಅವಳು ಹೇಗೋ ಸಹಿಸಿದ್ದಳು. ಆದರೆ ತಾನೂ ಗಂಡನೂ ತಮ್ಮ ಮನೆಯ ನೆಲದ ಮೇಲೆ, ತಮ್ಮ ಮನೆಯ ಸೋಸಿದ ನೀರಿನೊಂದಿಗೆ, ಬೆಳಕಿರುವಾಗಲೇ ಉಣ್ಣಬೇಕು. ನಲವತ್ತು ವರ್ಷದಲ್ಲಿ ಇದು ತಪ್ಪಿದ್ದಿಲ್ಲ.

ಕಬ್ಬು ಕಡಿಯುವ ದಿನಗಳು ಬಂದವು. ಸಂಜೆ ಐದೂವರೆಗೆಲ್ಲ ತಾಟು ಹಾಕಬೇಕಾಗುತ್ತಿತ್ತು. ಆ ಊಟಗಳಲ್ಲಿಯೇ ಸಣ್ಣ ಸಣ್ಣ ಜಗಳ ಶುರುವಾಗಿದ್ದು. ನೇಮಣ್ಣನ ಎಡಗೈ ತಾಗಿ ನೀರಿನ ಲೋಟ ಉರುಳುತ್ತಿತ್ತು. ಒಂದು ವಾರದಲ್ಲಿ ಮೂರು ಸಲ. ಮತ್ತೆ ಒಂದು ದಿನ ಅರ್ಧ ರೊಟ್ಟಿ ಮುಗಿಸಿ ತಲೆ ಎತ್ತಿದ.

“ಇವತ್ತ ಚಟ್ನಿ ಮಾಡಿಲ್ಲೇನ?”

“ತಾಟಿನಾಗ ಐತಲ್ರಿ,” ಅಂದಳು ಜಿನ್ನವ್ವ. “ಕಣ್ಣ ಬಿಟ್ಟ ನೋಡ್ರಿ.”

ಅವನು ಮುಖ ತಿರುಗಿಸಿ ನೋಡಿದ. ಶೇಂಗಾ ಚಟ್ನಿ ಯಾವಾಗಲೂ ಬಡಿಸುವ ಜಾಗದಲ್ಲಿ, ತಾಟಿನ ಎಡ ಅಂಚಿನಲ್ಲಿ ಇತ್ತು. ಏನೋ ಯೋಚನೆಯಲ್ಲಿದ್ದೆ ಎಂದು ಗೊಣಗಿದ. ನಿವೃತ್ತರಾದವರಿಗೆ ಹೀಗೇ, ಕೆಲಸವಿಲ್ಲದೆ ತಲೆ ಎಲ್ಲೋ ಇರುತ್ತದೆ ಎಂದು ಜಿನ್ನವ್ವ ಸೊಸೆಗೆ ಹೇಳಿದಳು. ಭಕ್ತಿ ನಕ್ಕಳು. ಆಗ ನಕ್ಕಿದ್ದನ್ನು ನೆನೆದು ಆಮೇಲೆ ಬಹಳ ದಿನ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಕ್ಯಾಮೆರಾದ ಜೊತೆಗೆ ಬಂದ ಲೆನ್ಸಿನ ಮೇಲೆ ನೇಮಣ್ಣನ ದೂರು ಹದಿನೈದೇ ದಿನಕ್ಕೆ ಬಂತು. ಕಣ್ಣು ಹಚ್ಚಿ ಒಳಗೆ ನೋಡಿದರೆ ಎಡಗಡೆ ಮಸಕು ಹೊಡೆಯುತ್ತದೆ. ಭಕ್ತಿಯ ಹತ್ತಿರ ಮೆತ್ತನೆಯ ಬಟ್ಟೆಯ ತುಂಡು ಕೇಳಿ ಒರೆಸಿದ. ಮಸಕು ಹೋಗಲಿಲ್ಲ. ಬಸ್ಸು ಹತ್ತಿ ಗೋಕಾಕಕ್ಕೆ ಹೋದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಶ್ರೀಶೈಲ ಎಂಬ ಮೂವತ್ತರ ಹುಡುಗನ ಸ್ಟುಡಿಯೊ. ಮದುವೆಯ ಫೋಟೊ ತೆಗೆಯುವುದರ ಜೊತೆಗೆ ಕೈಬದಲಾದ ಲೆನ್ಸುಗಳ ವ್ಯಾಪಾರವನ್ನೂ ಮಾಡುತ್ತಿದ್ದ. ಒಳ್ಳೆಯ ಹುಡುಗ, ಗಿರಾಕಿಗೆ ಬೇಡದ್ದನ್ನು ಕಟ್ಟುವವನಲ್ಲ. ಕ್ಯಾಮೆರಾದ ಜೊತೆ ಬರುವ ಲೆನ್ಸು ಕಲಿಯುವವರಿಗೆ, ಅದರ ಮೂಲೆಗಳು ಸ್ವಲ್ಪ ಮಂದ ಇರುವುದುಂಟು ಎಂದು ವಿವರಿಸಿದ. ಮೊಮ್ಮಗಳ ಮುಖ ತೆಗೆಯುವುದಾದರೆ ಫಿಫ್ಟಿ ಎಂಎಂ ಒಳ್ಳೆಯದು, ಹೆಚ್ಚು ಬೆಳಕು ಒಳಗೆ ಬಿಡುತ್ತದೆ, ಹಿಂದಿನದೆಲ್ಲ ಕರಗಿ ಮುಖ ಮಾತ್ರ ಎದ್ದು ಕಾಣುತ್ತದೆ. ಹಕ್ಕಿಗೆ ಜೂಮ್ ಬೇಕು, ಆದರೆ ಅದಕ್ಕೆ ಅವಸರವಿಲ್ಲ.

ನೇಮಣ್ಣ ಫಿಫ್ಟಿ ತಂದ. ಎರಡು ದಿನ ಖುಷಿಯಾಗಿದ್ದ. ಮೂರನೆಯ ದಿನ, ಇದರಲ್ಲೂ ಎಡಕ್ಕೆ ಮಸಕು, ಹಳೆಯ ಮಾಲು, ಒಳಗೆ ಫಂಗಸ್ ಬೆಳೆದಿರಬೇಕು ಎಂದ.

“ಅದೂ ಒಂದ ಜೀವಾನ ಅಲ್ಲೇನಪಾ,” ಅಂದ ವೃಷಭ. “ಒರಸಬ್ಯಾಡ, ಇರಲಿ.”

ಎಲ್ಲರೂ ನಕ್ಕರು. ನೇಮಣ್ಣ ನಗಲಿಲ್ಲ.

ಆ ಸುಮಾರಿಗೆ ಮೂಡಲಗಿಯಲ್ಲಿ ಜಿನ್ನವ್ವನ ಅಣ್ಣನ ಮಗಳ ಸಾಕರಪುಡಾ ಆಯಿತು. ನಿಶ್ಚಯದ ಶಾಸ್ತ್ರ. ಫೋಟೊದವನು ಬೇಡ, ನಾನೇ ತೆಗೆಯುತ್ತೇನೆ ಎಂದು ನೇಮಣ್ಣ ಹಟ ಹಿಡಿದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬಗ್ಗಿ, ಮೊಣಕಾಲೂರಿ ಬೆವರಿಳಿಸಿಕೊಂಡು ನೂರಾರು ಫೋಟೊ ತೆಗೆದ. ಮನೆಗೆ ಬಂದು ನೋಡಿದರೆ ಪ್ರತಿಯೊಂದು ಗುಂಪಿನಲ್ಲೂ ಎಡತುದಿಗೆ ನಿಂತವರು ಅರ್ಧ ಇದ್ದರು. ಒಂದು ಭುಜ, ಒಂದು ಕಿವಿ, ಸೀರೆಯ ಅರ್ಧ ನೆರಿಗೆ. ಎಡತುದಿಗೆ ಹೆಚ್ಚು ಸಲ ನಿಂತವಳು ಹುಡುಗನ ತಾಯಿ. ನಮ್ಮನ್ನು ಅರ್ಧ ಮಾತ್ರ ಒಪ್ಪಿಕೊಂಡಿದ್ದೀರೋ ಹೇಗೆ ಎಂದು ಅವಳು ನಗುತ್ತಲೇ ಕೇಳಿದಳಂತೆ. ಅಣ್ಣ ಅದನ್ನು ಫೋನಿನಲ್ಲಿ ತಂಗಿಗೆ ಮುಟ್ಟಿಸಿದ, ಅವನು ನಗುತ್ತಿರಲಿಲ್ಲ. ಜಿನ್ನವ್ವನಿಗೆ ತವರಿನಲ್ಲಿ ತಲೆ ತಗ್ಗಿಸಿದಂತಾಯಿತು. ಆ ಸಂಜೆ ಅವಳು ಗಂಡನ ಎದುರು ತಾಟನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ನೇಮಣ್ಣನ ಹತ್ತಿರ ಉತ್ತರ ಇತ್ತು. ಫಿಫ್ಟಿ ಇಕ್ಕಟ್ಟಿನ ಲೆನ್ಸು, ಸಣ್ಣ ಹಾಲಿನಲ್ಲಿ ಹಿಂದೆ ಸರಿಯಲು ಜಾಗ ಸಾಲಲಿಲ್ಲ, ಮೇಲಾಗಿ ಬೆಳಕಿರಲಿಲ್ಲ. ಬೇಕಾದದ್ದು ಫ್ಲ್ಯಾಶು. ಅದರಲ್ಲಿ ತಪ್ಪು ಹುಡುಕುವಷ್ಟು ವಿದ್ಯೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮತ್ತೆ ಗೋಕಾಕಕ್ಕೆ ಹೋದ. ಶ್ರೀಶೈಲ ಎಂಟು ದಿನ ನೋಡಿ ಕೊಡಿರೆಂದು ಒಂದು ಫ್ಲ್ಯಾಶು ಕೊಟ್ಟ. ನೇರವಾಗಿ ಮುಖಕ್ಕೆ ಹೊಡೆದರೆ ಕಣ್ಣು ಕುಕ್ಕುತ್ತದೆ, ಅದರ ತಲೆಯನ್ನು ಮೇಲಕ್ಕೆ ತಿರುಗಿಸಿ ಮಾಳಿಗೆಗೆ ಹೊಡೆಯಿರಿ, ಬೆಳಕು ಅಲ್ಲಿಂದ ಕೆಳಗೆ ಹರಡುತ್ತದೆ ಎಂದು ತೋರಿಸಿಕೊಟ್ಟ.

ಭಾನುವಾರ ಊಟ ಮುಗಿದ ಮೇಲೆ ನೇಮಣ್ಣ ಎಲ್ಲರನ್ನೂ ಪಡಸಾಲೆಯ ಗೋಡೆಗೆ ನಿಲ್ಲಿಸಿದ. ಜಿನ್ನವ್ವ ನಡುವೆ, ಮಗ ಸೊಸೆ ಒಂದು ಬದಿಗೆ, ಸನ್ಮತಿ ಇನ್ನೊಂದು ಬದಿಗೆ. ಕ್ಯಾಮೆರಾ ಕಣ್ಣಿಗೆ ಹಚ್ಚಿದ.

“ಸನ್ಮತೀ, ಎಲ್ಲಿ ಹೋದಿ? ಆಯಿ ಬಾಜೂ ಬಂದ ನಿಂದರ.”

“ಇಲ್ಲೇ ಅದೀನಿ ಅಜ್ಜಾ.”

ಅವಳು ಅಜ್ಜಿಯ ಪಕ್ಕವೇ ನಿಂತಿದ್ದಳು. ಅಜ್ಜ ಆಟ ಆಡಿಸುತ್ತಿದ್ದಾನೆ ಎಂದುಕೊಂಡು ಕಿಸಕ್ಕನೆ ನಕ್ಕಳು. ಫ್ಲ್ಯಾಶು ಹೊಳೆಯಿತು, ಇಡೀ ಪಡಸಾಲೆ ಹಗಲಿನಂತಾಯಿತು. ಫೋಟೊದಲ್ಲಿ ಸನ್ಮತಿಯ ಒಂದು ಜಡೆ ಮತ್ತು ಒಂದು ಕಿವಿ ಇತ್ತು. ನೇಮಣ್ಣ ಅದನ್ನು ಬಹಳ ಹೊತ್ತು ನೋಡಿದ. ಫ್ಲ್ಯಾಶು ಸಣ್ಣದಾಯಿತು ಎಂದು ಅದನ್ನು ಡಬ್ಬಿಯಲ್ಲಿಟ್ಟು ಎದ್ದು ಹೋದ.

ಮರುದಿನ ಫ್ಲ್ಯಾಶು ಮರಳಿಸಲು ಹೋದವನು ಮುಖ ಗಂಟಿಕ್ಕಿಕೊಂಡು ಬಂದ. ಆ ಶ್ರೀಶೈಲ ಮೋಸಗಾರ, ಇನ್ನು ಅವನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದ. ಏನಾಯಿತೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ಕ್ಯಾಮೆರಾ ಗೂಟಕ್ಕೆ ಬಿತ್ತು.

ಅದಾಗಿ ನಾಲ್ಕನೆಯ ದಿನ ಸಾಲಿಯಿಂದ ಬಂದ ಸನ್ಮತಿಯ ಮುಖ ಅತ್ತು ಕೆಂಪಾಗಿತ್ತು. ನೇಮಣ್ಣ ನೇರ ಹಿತ್ತಲಿಗೆ ಹೋಗಿ ಕಾಲು ತೊಳೆದು, ಜಪದ ಮಣೆ ಹಾಕಿಕೊಂಡು ಕೂತುಬಿಟ್ಟ. ಮಗುವೇ ಹೇಳಿತು. ಕಾಲುವೆಯ ದಂಡೆಯಲ್ಲಿ ಅಜ್ಜನ ಗಾಡಿ ಒಂದು ಆಡಿನ ಮರಿಯ ಮೇಲೆ ಹಾಯ್ದಿತ್ತು.

“ನಾ ‘ಅಜ್ಜಾ ಮರಿ, ಅಜ್ಜಾ ಮರಿ’ ಅಂತ ಎರಡ ಸಲ ಅಂದೆ. ಅಜ್ಜ ‘ಎಲ್ಲೈತಿ’ ಅಂದ. ಅಷ್ಟರಾಗ ಹಾದೇಬಿಡ್ತು.”

ಇರುವೆಯ ಸಾಲು ಕಂಡರೆ ಸುತ್ತು ಹಾಕಿ ನಡೆಯುವ ಮನುಷ್ಯ ಅವನು. ಅಂದು ಸಂಜೆ ಉಣ್ಣಲಿಲ್ಲ, ಮರುದಿನವೂ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಎಲ್ಲಿಂದ ಬಂತೋ ಒಮ್ಮೆಲೇ ಓಡಿ ಬಂತು ಎಂದಷ್ಟೇ ಹೇಳಿದ. ಭಕ್ತಿ ಒಂದು ಸೇರು ಜೋಳ ಕಟ್ಟಿಕೊಂಡು ಮರಿಯ ಮಾಲೀಕ ಬೀರಸಿದ್ದಪ್ಪನ ಹಟ್ಟಿಗೆ ಹೋದಳು. ಮರಿ ಬದುಕಿತ್ತು, ಮುಂಗಾಲಿಗೆ ಬಿದಿರಿನ ಸೀಳು ಕಟ್ಟಿದ್ದ. ಅವನು ಜಗಳ ತೆಗೆಯಲಿಲ್ಲ. ಅವಳನ್ನು ಬೇಲಿಯವರೆಗೆ ಕಳಿಸಲು ಬಂದವನು ದನಿ ತಗ್ಗಿಸಿದ.

“ಯವ್ವಾ, ನಿಮ್ಮ ಮಾವ ಜೋರ ಬಂದಿದ್ರ ನಾ ಬೈತಿದ್ದೆ. ಸಾವಕಾಶನ ಬರಾಕತ್ತಿದ್ದ. ಮರೀನೂ ಓಡಿ ಬರಲಿಲ್ಲ, ರಸ್ತೇದ ಎಡಕ್ಕ ನಿಂತಿತ್ತ. ನಿಂತದ್ದರ ಮ್ಯಾಲೆ ನಟ್ಟಗ ಬಂದ.”

ಭಕ್ತಿಗೆ ಮನೆಗೆ ಬಂದ ದಾರಿ ನೆನಪಿಲ್ಲ. ಗೂಟದಿಂದ ಕ್ಯಾಮೆರಾ ಇಳಿಸಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಳು. ಮೊದಲ ಫೋಟೊದಿಂದ ಒಂದೊಂದಾಗಿ ಹಿಂದೆ ಮುಂದೆ ಸರಿಸಿದಳು. ಮೂಡಲಗಿಯ ಅರ್ಧ ಬೀಗತಿ, ಒಂದು ಜಡೆಯ ಸನ್ಮತಿ. ಕಬ್ಬಿನ ಗರಿಯ ಮೇಲೆ ಕೂತ ಹಕ್ಕಿಯ ಫೋಟೊ ಎಷ್ಟು ಚಂದ ಬಂದಿತ್ತು, ರೆಕ್ಕೆಯ ಗೆರೆ ಗೆರೆ ಎಣಿಸಬಹುದು. ಅದೇ ಫೋಟೊದ ಎಡಕ್ಕೆ, ಇನ್ನೊಂದು ಹಕ್ಕಿಯ ಬಾಲ ಮಾತ್ರ ಇತ್ತು. ಎರಡೂ ಜೊತೆಯಾಗಿ ಕೂತಿರಬೇಕು. ತೆಗೆದವನಿಗೆ ಒಂದೇ ಕಂಡಿತ್ತು. ಭಕ್ತಿಗೆ ಉರುಳಿದ ಲೋಟ ನೆನಪಾಯಿತು, ತಾಟಿನ ಎಡ ಅಂಚಿನ ಚಟ್ನಿ ನೆನಪಾಯಿತು. ಮಾವನಿಗೆ ಎಡಗಡೆ ಕಾಣುತ್ತಿಲ್ಲ. ಸಾಲಿಗೆ ಹೋಗುವಾಗ ಕಾಲುವೆ ಎಡಕ್ಕೆ ಇರುತ್ತದೆ.

ಅಂದಿನಿಂದ ಅವಳ ಬೆಳಗುಗಳು ಹಾಳಾದವು. ಗಾಡಿ ಹೊರಟ ಸದ್ದು ಕೇಳಿದರೆ ಯಂತ್ರ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ರಸ್ತೆಯ ತುಂಬ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು. ಅವು ಬಂದಾಗ ಮಾವ ಅಂಚಿಗೆ, ಕಾಲುವೆಯ ಕಡೆಗೇ ಸರಿಯಬೇಕು. ಮಾವ ಮಗುವನ್ನು ಬಿಟ್ಟು ಮರಳುವವರೆಗೆ ಅವಳು ಒಂದು ಹೊಲಿಗೆಯನ್ನೂ ಹಾಕುತ್ತಿರಲಿಲ್ಲ. ಎರಡನೆಯ ದಿನ ಧೈರ್ಯ ಮಾಡಿ, ಸಾಲಿಯ ಹತ್ತಿರ ಜಂಪರದ ಅಳತೆ ತರುವುದಿದೆ, ಇಂದು ತಾನೇ ಗಾಡಿಯ ಮೇಲೆ ಮಗುವನ್ನು ಬಿಡುವೆ ಎಂದಳು. ಕಣಗಲಾದಲ್ಲಿ ಅವಳು ತಂದೆಯ ಮೊಪೆಡ್ಡು ಹೊಡೆದು ರೂಢಿಯಾದವಳೇ. ನೇಮಣ್ಣ ಅವಳ ಮುಖವನ್ನೇ ನೋಡಿದ. ಬೀರಸಿದ್ದಪ್ಪ ಏನಾದರೂ ಹೇಳಿದನೇ ಎಂದು ಕೇಳಿದ. ಅವಳು ಉತ್ತರ ಕೊಡುವ ಮೊದಲೇ ಯಂತ್ರದ ಮೇಲಿದ್ದ ಸಣ್ಣ ಸೂಜಿ ಎತ್ತಿಕೊಂಡು, ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ ಅವಳ ಕೈಗಿಟ್ಟ.

“ನನ್ನ ಕಣ್ಣಿಗೆ ಏನೂ ಆಗಿಲ್ಲವಾ,” ಅಂದ. “ಬಾರ ಸನ್ಮತಿ.”

ವೃಷಭನಿಗೆ ಹೇಳಿದಾಗಲೂ ಅದೇ ಸೂಜಿಯ ಮಾತು ಬಂತು. ಮನೆಯಲ್ಲಿ ಅವ್ವನಿಗೆ, ನಿನಗೆ, ನೆರೆಮನೆಯವರಿಗೆ ಸೂಜಿ ಪೋಣಿಸಿ ಕೊಡುವವರು ಯಾರು? ಅಂಥವರಿಗೆ ಕಣ್ಣು ಕಾಣುವುದಿಲ್ಲವೆಂದರೆ ಯಾರು ನಂಬುತ್ತಾರೆ? ಭಕ್ತಿ ಫೋಟೊಗಳನ್ನು ತೋರಿಸಿದಳು. ಅವನು ಅವನ್ನು ನೋಡಿದ, ಎರಡನೆಯ ಸಲ ನೋಡಿದ. ಆಮೇಲೆ ಅಪ್ಪನಿಗೆ ಇದನ್ನು ಹೇಳುವವರು ಯಾರು ಎಂದ. ಅವನ ಅಂಜಿಕೆ ಅದು. ಮೂವತ್ನಾಲ್ಕು ವರ್ಷ ಕಣ್ಣಿನಿಂದಲೇ ಮರ್ಯಾದೆ ಗಳಿಸಿದ ಮನುಷ್ಯನಿಗೆ ನಿನ್ನ ಕಣ್ಣು ಹೋಗಿದೆ ಎನ್ನುವುದು ಹೇಗೆ?

ಇದೆಲ್ಲ ಪಿಸುಮಾತಿನಲ್ಲೇ ನಡೆದಿತ್ತು. ಆದರೂ ಜಿನ್ನವ್ವನಿಗೆ ತಿಳಿಯಿತು. ಶನಿವಾರ ಮಧ್ಯಾಹ್ನ ಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ಗೋಡೆಗೆ ತೂಗುಹಾಕಿದ್ದ ಪಂಚಾಂಗದ ಹಿಂದಿನಿಂದ ಒಂದು ಚೀಟಿ ತೆಗೆದು ಸೊಸೆಯ ಮುಂದೆ ಇಟ್ಟಳು. ಮೂರು ವರ್ಷದ ಹಿಂದಿನ ತಾರೀಖು. ಬಸದಿಯ ಅಂಗಳದಲ್ಲಿ ಕಣ್ಣಿನ ಶಿಬಿರ ನಡೆದಾಗಿನದು.

ಅಂದು ನೇಮಣ್ಣ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿ ಡಾಕ್ಟರರಿಂದ ಶಾಭಾಸ್ ಪಡೆದಿದ್ದ. ಆದರೆ ಕಣ್ಣಿನ ಒತ್ತಡ ಹೆಚ್ಚಿದೆ, ಔಷಧ ಹಾಕಿ ಒಂದು ತಾಸು ಕೂರಿಸಿ ಇನ್ನೊಮ್ಮೆ ನೋಡಬೇಕು ಎಂದು ಅವರು ಈ ಚೀಟಿ ಬರೆದು ಸಾಲಿನಲ್ಲಿ ಕೂರಿಸಿದ್ದರು. ಸಾಲು ಉದ್ದ ಇತ್ತು. ಹೊತ್ತು ಇಳಿಯುತ್ತಿತ್ತು.

“ನಾನ ಫೋನ್ ಮಾಡಿದೆ,” ಅಂದಳು ಜಿನ್ನವ್ವ. “ಹೊತ್ತ ಮುಳಗಾಕತ್ತೈತಿ, ಊಟಕ್ಕ ಬರ್ರಿ ಅಂದೆ. ಅವರು ‘ಡಾಕ್ಟರ್ ಕೂಡಂದಾರ’ ಅಂದ್ರು. ‘ನಾಳೆ ತೋರಸಿದ್ರಾತು, ಅಕ್ಷರಾ ಎಲ್ಲಾ ಕಾಣಸ್ತಾವಲ್ಲ’ ಅಂದೆ. ಎದ್ದ ಬಂದ್ರು. ಮರದಿನ ಶಿಬಿರ ಇರಲಿಲ್ಲ.”

ಚೀಟಿಯನ್ನು ಅವಳು ಮರೆತಿರಲಿಲ್ಲ. ಹೊಸ ವರ್ಷ ಪಂಚಾಂಗ ಬದಲಿಸುವಾಗಲೆಲ್ಲ ಅದನ್ನು ತೆಗೆದು ಹೊಸ ಪಂಚಾಂಗದ ಹಿಂದೆ ಇಟ್ಟಿದ್ದಳು. ಸೂಜಿ ಪೋಣಿಸುತ್ತಾರಲ್ಲ ಎಂದು ಪ್ರತಿಸಲವೂ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಭಕ್ತಿಗೆ ಅತ್ತೆಯ ಮೇಲೆ ಸಿಟ್ಟು ಬಂತು. ಆದರೂ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಉಳಿದ ಕಾಳನ್ನು ತಾನೇ ಆರಿಸಿದಳು.

ಮರುದಿನ ಭಾನುವಾರ, ಸಂಜೆ ಐದೂವರೆಗೆ ಎಲ್ಲರೂ ಊಟಕ್ಕೆ ಕೂತರು. ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಮೊಸರು. ಜಿನ್ನವ್ವ ಗಂಡನ ತಾಟಿಗೆ ಅಂದು ಚಟ್ನಿ ಬಡಿಸಲಿಲ್ಲ. ಒಂದು ಸಣ್ಣ ಬಟ್ಟಲಲ್ಲಿ ಹಾಕಿ ತಾಟಿನ ಬಲಬದಿಗೆ ಇಟ್ಟು, ತಾನು ಅವನ ಎದುರಿಗೆ ಕೂತಳು.

“ಚಟ್ನಿ ಕಾಣಸ್ತೈತೇನ್ರಿ?”

“ಕಾಣಸ್ತೈತಿ. ಸಣ್ಣ ಹುಡುಗರ್ನ ಕೇಳಿದಂಗ ಯಾಕ ಕೇಳಾಕತ್ತಿ?”

“ರೊಟ್ಟಿ ಮ್ಯಾಲೆ ಕಣ್ಣ ಇಡ್ರಿ. ಮಾರಿ ತಿರುಗಸಬ್ಯಾಡ್ರಿ.”

ಅವನು ತುತ್ತನ್ನು ಕೈಯಲ್ಲೇ ಹಿಡಿದು ಹೆಂಡತಿಯನ್ನು ನೋಡಿದ. ಅವಳ ಮುಖದಲ್ಲಿ ಏನು ಕಂಡನೋ, ಕಣ್ಣು ಇಳಿಸಿ ರೊಟ್ಟಿಯ ಮೇಲಿಟ್ಟ. ಜಿನ್ನವ್ವ ಬಟ್ಟಲನ್ನು ನೆಲದ ಮೇಲೆ ಸದ್ದಿಲ್ಲದೆ ಸರಿಸುತ್ತ ತಾಟಿನ ಮೇಲಂಚಿಗೆ ತಂದಳು.

“ಈಗ?”

“ಐತಿ.”

ಒಂದು ಗೇಣು ಎಡಕ್ಕೆ ಸರಿಸಿದಳು.

“ಈಗ?”

“ತಗದಿ.”

“ತಗದಿಲ್ರಿ.”

“ಮತ್ತ ಎಲ್ಲಿ ಇಟ್ಟಿ?”

ಅವಳ ಕೈ ಇನ್ನೂ ಬಟ್ಟಲ ಮೇಲೆಯೇ ಇತ್ತು. ಕೈ ಹಿಂದಕ್ಕೆ ತೆಗೆದಾಗ ಬಳೆ ಸದ್ದಾಯಿತು. ಸದ್ದು ಕೇಳಿ ಅವನು ಮುಖ ತಿರುಗಿಸಿದ. ಬಟ್ಟಲು ಅವನ ಎಡ ಮೊಣಕಾಲಿನ ಹತ್ತಿರ ಇತ್ತು. ಸನ್ಮತಿ ಒಬ್ಬಳೇ ಆಟ ಎಂದುಕೊಂಡು ಚಪ್ಪಾಳೆ ತಟ್ಟಲು ಹೋದಳು, ಭಕ್ತಿ ಅವಳ ಕೈ ಹಿಡಿದಳು.

ನೇಮಣ್ಣ ತುತ್ತನ್ನು ತಾಟಿಗಿಟ್ಟು ಮಾತಾಡಿದ. ಆ ಕೊನೆಯ ಸಲ ಹೋದಾಗ ಶ್ರೀಶೈಲ ಬಿಳಿ ಗೋಡೆಯ ಫೋಟೊ ತೆಗೆದು ತೋರಿಸಿದ್ದನಂತೆ. ಎರಡೂ ಲೆನ್ಸು ಹಾಕಿ ಎರಡು ಫೋಟೊ. ಯಾವುದರಲ್ಲೂ ಮಸಕಿರಲಿಲ್ಲ. ಇನ್ನೊಂದು ಕಣ್ಣು ಹಚ್ಚಿ ನೋಡಿರಿ ಎಂದಿದ್ದ. ಎಡಗಣ್ಣು ಹಚ್ಚಿದರೆ ಕೊಳವೆಯಲ್ಲಿ ಇಣುಕಿದಂತೆ ನಡುವೆ ಅಷ್ಟೇ ಕಂಡಿತ್ತು. ಕಾಕಾ, ಲೆನ್ಸು ಸಾಕು, ಕಣ್ಣು ತೋರಿಸಿರಿ ಎಂದು ಹುಡುಗ ಕೈ ಮುಗಿದಿದ್ದ. ಅವನಿಗೆ ಬೈದು ಬಂದಿದ್ದ.

“ಯಾಕ ಹೇಳಲಿಲ್ಲಪಾ?” ಅಂದ ವೃಷಭ.

“ಲೆನ್ಸ್ ಆಗಿದ್ರ ಬದಲಿ ಮಾಡಬಹುದಿತ್ತಲ್ಲೋ,” ಅಂದ ನೇಮಣ್ಣ.

ದವಾಖಾನೆಗೆ ಬರಲು ಅವನು ಒಪ್ಪಿದ. ಆದರೆ ಗಾಡಿಯ ಮಾತು ಎತ್ತಿದರೆ ಸಿಟ್ಟು. ಸೋಮವಾರ ಬೆಳಿಗ್ಗೆ ಎಂದಿನಂತೆ ಅಂಗಿ ಹಾಕಿಕೊಂಡು ಬಂದ. ಸಾವಕಾಶ ಹೋಗುತ್ತೇನೆ, ಕುತ್ತಿಗೆ ತಿರುಗಿಸಿ ನೋಡುತ್ತೇನೆ ಎಂದ. ಮಾವನಿಗೆ ಎಂದೂ ಎದುರಾಡದ ಭಕ್ತಿ ಸನ್ಮತಿಯ ಕೈಯಿಂದ ಸಾಲಿಯ ಚೀಲ ಇಸಿದುಕೊಂಡು ಒಳಗೆ ಹೋದಳು. ಮಗುವಿಗೆ ಜ್ವರ ಬಂದಂತಿದೆ ಎಂದು ಒಳಗಿನಿಂದಲೇ ಹೇಳಿದಳು. ಜ್ವರವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನೇಮಣ್ಣ ಅಂಗಳದಲ್ಲಿ ಗಾಡಿಯ ಪಕ್ಕ ಅರ್ಧ ತಾಸು ನಿಂತಿದ್ದ. ಚಾವಿ ಅವನ ಜೇಬಿನಲ್ಲೇ ಉಳಿಯಿತು.

ಮಂಗಳವಾರ ಸನ್ಮತಿಯನ್ನು ನೆರೆಮನೆಯ ಮರೆವ್ವನ ಹತ್ತಿರ ಬಿಟ್ಟು ಗೋಕಾಕಕ್ಕೆ ಹೋದರು. ಕಣ್ಣಿನ ದವಾಖಾನೆಯಲ್ಲಿ ಮಧ್ಯಾಹ್ನವೆಲ್ಲ ಒಂದು ಬೆಂಚಿನಿಂದ ಇನ್ನೊಂದಕ್ಕೆ ಕೂತಿದ್ದೇ ಆಯಿತು. ನಾಲ್ಕೂವರೆಯ ಮೇಲೆ ಅವನನ್ನು ಒಂದು ಕತ್ತಲೆ ಕೋಣೆಗೆ ಕರೆದರು. ಅರ್ಧ ತೆರೆದ ಬಾಗಿಲ ಹೊರಗೆ ಜಿನ್ನವ್ವ, ಭಕ್ತಿ ನಿಂತರು. ಒಳಗೆ ಒಂದು ಹುಡುಗಿ, ಗದ್ದವನ್ನು ಇಲ್ಲಿಟ್ಟು ನಡುವಿನ ದೀಪವನ್ನೇ ನೋಡಬೇಕು, ಸುತ್ತ ಎಲ್ಲಿಯಾದರೂ ಸಣ್ಣ ಬೆಳಕು ಕಂಡರೆ ಗುಂಡಿ ಒತ್ತಬೇಕು ಎಂದು ಹೇಳಿಕೊಡುತ್ತಿದ್ದಳು.

ಮೊದಲು ಬಲಗಣ್ಣು. ಟಕ್, ಟಕ್ ಎಂದು ಗುಂಡಿಯ ಸದ್ದು ಬಂತು. ಸ್ವಲ್ಪ ಹೊತ್ತು ನಿಂತಿತು. ಮತ್ತೆ ಬಂತು. ಭಕ್ತಿ ತನಗರಿವಿಲ್ಲದೆ ಎಣಿಸುತ್ತಿದ್ದಳು. ಆಮೇಲೆ ಎಡಗಣ್ಣು. ಮೊದಲಿಗೆ ಎರಡು ಸಲ ಟಕ್ ಎಂದಿತು. ಆಮೇಲೆ ಏನೂ ಇಲ್ಲ.

“ಮಿಷನ್ ಬಂದ ಆಗೇತೇನ?” ಜಿನ್ನವ್ವ ಪಿಸುಗುಟ್ಟಿದಳು.

ಆಗಿರಲಿಲ್ಲ. ಹುಡುಗಿಯ ಮುಂದಿನ ಪರದೆಯ ಮೇಲೆ ಚುಕ್ಕೆಗಳು ಒಂದಾದ ಮೇಲೊಂದು ಬೀಳುತ್ತಲೇ ಇದ್ದವು. ಅಲ್ಲಿ ಒಳಗೆ ಬೆಳಕು ಹತ್ತುತ್ತಿತ್ತು, ಆರುತ್ತಿತ್ತು, ಇನ್ನೊಂದು ಕಡೆ ಹತ್ತುತ್ತಿತ್ತು. ನೇಮಣ್ಣ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ನೆಟ್ಟಗೆ ಕೂತು, ಸಾಲಿಯ ಹುಡುಗನಂತೆ ಕಾಯುತ್ತಿದ್ದ. ಭಕ್ತಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಎಷ್ಟು ದಿನ ಆ ಕೈಗಳ ನಡುವೆ ಮಗಳನ್ನು ನಿಲ್ಲಿಸಿ ಕಳಿಸಿದ್ದಳು.

ಅವನು ಹೊರಗೆ ಬಂದಾಗ ಕಿಟಕಿಯಲ್ಲಿ ಬಿಸಿಲು ಕೆಂಪಗಾಗಿತ್ತು. ಡಾಕ್ಟರರು ನೋಡಲು ಇನ್ನೂ ಒಂದು ತಾಸು ಎಂದರು. ನೇಮಣ್ಣ ಕಿಟಕಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಚಪ್ಪಲಿಗೆ ಕಾಲು ಹಾಕಿದ.

“ಹೊತ್ತ ಮುಳಗಾಕ ಬಂತು. ನಾಳೆ ಬಂದ ಕೇಳೂನು. ಈಗ ಬಸ್ ಹಿಡದ್ರ ಊಟಾ ಸಿಗತೈತಿ.”

“ಕೂಡ್ರಿ,” ಅಂದಳು ಜಿನ್ನವ್ವ.

“ಊಟಾ?”

“ಇವತ್ತ ಇಬ್ರೂ ಉಪಾಸ.”

ಅವನು ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತ. ಬಿಸಿಲು ಬೆಂಚಿನಿಂದ ಇಳಿದು, ನೆಲದ ಮೇಲೆ ಸ್ವಲ್ಪ ಹೊತ್ತು ಇದ್ದು ಹೋಯಿತು. ಯಾರೋ ದೀಪ ಹಾಕಿದರು. ಹುಕ್ಕೇರಿಯಿಂದ ವೃಷಭ ಬಂದ ಮೇಲೆ ಎಲ್ಲರನ್ನೂ ಒಳಗೆ ಕರೆದರು.

ಡಾಕ್ಟರರು ಹೇಳಿದ್ದು ಕಡಿಮೆ ಮಾತು. ಇದು ನಡುವಿನ ನೋಟವನ್ನು ಕೊನೆಯವರೆಗೆ ಬಿಟ್ಟು, ಬದಿಯಿಂದ ತಿನ್ನುತ್ತ ಬರುವ ರೋಗ. ಅದಕ್ಕೇ ಅಕ್ಷರ ಓದಬಹುದು, ಸೂಜಿ ಪೋಣಿಸಬಹುದು. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಉಳಿಸಲು ದಿನವೂ ತಪ್ಪದೆ ಔಷಧದ ಹನಿ ಹಾಕಬೇಕು. ಗಾಡಿ ಹೊಡೆಯಲೇಬಾರದು. ಈ ಮೊದಲು ಯಾರಾದರೂ ಕಣ್ಣಿನ ಒತ್ತಡ ನೋಡಿದ್ದರೇ ಎಂದು ಕೇಳಿದರು. ಜಿನ್ನವ್ವ ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟಳು. ಡಾಕ್ಟರರು ತಾರೀಖು ನೋಡಿ, ಅದನ್ನು ಮಡಚಿ ಅವಳಿಗೆ ಮರಳಿ ಕೊಟ್ಟರು.

ವೃಷಭ ಔಷಧ ತರಲು ಹೋದ. ಉಳಿದವರು ದವಾಖಾನೆಯ ಮೆಟ್ಟಿಲು ಇಳಿದರು. ಕೊನೆಯ ಮೆಟ್ಟಿಲಲ್ಲಿ ನೇಮಣ್ಣ ನಿಂತ. ಅಂಗಿಯ ಜೇಬಿಗೆ ಕೈ ಹಾಕಿ ಗಾಡಿಯ ಚಾವಿ ತೆಗೆದ. ಅದನ್ನು ಹಿಡಿದುಕೊಂಡು ಎದುರಿಗೆ ನೋಡಿದ, ಬಲಕ್ಕೆ ನೋಡಿದ, ಬೀದಿಯ ಕಡೆ ನೋಡಿದ.

“ಭಕ್ತಿ ಎಲ್ಲಿ ಹೋದ್ಲು?”

ಅವಳು ಮೇಲಿನ ಮೆಟ್ಟಿಲಿನಿಂದಲೂ ಅವನ ಎಡಗಡೆಗೇ ಇದ್ದಳು. ಎಡವಿದರೆ ಹಿಡಿಯಲು ಕೈಯನ್ನು ಅವನ ಮೊಣಕೈಯ ಹತ್ತಿರವೇ ಇಟ್ಟುಕೊಂಡು ಇಳಿದಿದ್ದಳು.

“ಇಲ್ಲೇ ಅದೀನ್ರಿ ಮಾವಾರ,” ಅಂದಳು. ಸುತ್ತಿ ಬಂದು ಅವನ ಬಲಗಡೆಗೆ ನಿಂತು ಅಂಗೈ ಚಾಚಿದಳು.

ನೇಮಣ್ಣ ಚಾವಿಯನ್ನು ಅದರಲ್ಲಿ ಇಟ್ಟ.

“ಸಾವಕಾಶ ಹೊಡಿಯವಾ,” ಅಂದ. “ಹೋಗುವಾಗ ಕಾಲುವಿ ಎಡಕ್ಕ ಬರ್ತೈತಿ.”